ಮಧ್ಯಾಹ್ನದ ಮೇಲೆ ತಿರುಗುವ ಗಿರಣಿ

ಅತ್ತೀ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನೀವು ಆಡಿಕೊಳ್ಳುತ್ತಿದ್ದಿರಿ. ಫ್ರಿಜ್ಜಿನ ಮೇಲೆ ನಾನು ಅಂಟಿಸಿ ಹೋದ ಚೀಟಿ ಓದಲಾಗದೆ ನಾನು ಕೆಲಸ ಮಾಡುವ ಫಾರ್ಮಸಿಗೆ ಫೋನ್ ಮಾಡಿ, "ಏನ ಬರದಿಯವ್ವಾ ಇದು? ಬ್ಯಾಳಿ ಬೇಯಿಸು ಅಂತೇನು, ಬಾಳಿಹಣ್ಣ ತಿನ್ನು ಅಂತೇನು?" ಎಂದು ಕೇಳುತ್ತಿದ್ದಿರಿ. ಅದಕ್ಕೇ ಇದನ್ನು ನಿಧಾನವಾಗಿ, ದುಂಡಗೆ ಬರೆಯುತ್ತಿದ್ದೇನೆ. ನೀವು ಹೋಗಿ ವರ್ಷ ತುಂಬುತ್ತಾ ಬಂತು. ನಿಮಗೆ ಹೇಳಬೇಕಾದ ಒಂದು ಸುದ್ದಿ ಇದೆ. ಅದನ್ನು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಆದರೆ ಯಾವ ಸುದ್ದಿಯಾದರೂ ಬುಡದಿಂದ ಹೇಳದಿದ್ದರೆ ನಿಮಗೆ ಸಮಾಧಾನ ಎಲ್ಲಿತ್ತು?

ನೀವು ಇಲ್ಲಿಗೆ, ಈ ಪರದೇಶಕ್ಕೆ ಬಂದದ್ದು ೨೦೧೫ರಲ್ಲಿ, ಚಳಿ ಶುರುವಾಗುವ ಮುಂಚೆ. ಮಾವನವರು ತೀರಿಕೊಂಡ ಮೇಲೆ ನಿಮ್ಮ ಮಗ ಬೈಲಹೊಂಗಲಕ್ಕೆ ಹೋಗಿ, ಹಟ ಹಿಡಿದು ನಿಮ್ಮನ್ನು ಕರೆತಂದಿದ್ದರು. ಸ್ಟೌಫ್‌ವಿಲ್‌ನ ಅಂಚಿನಲ್ಲಿರುವ ನಮ್ಮ ಬಡಾವಣೆ ಆಗಿನ್ನೂ ಹೊಸದು. ನೆಟ್ಟ ಗಿಡಗಳು ಮೊಣಕಾಲೆತ್ತರ ಇದ್ದವು. ನಿಮ್ಮ ಮಗ ಬೆಳಿಗ್ಗೆ ಗೋ ಎಂಬ ಲೋಕಲ್ ಟ್ರೇನ್ ಹಿಡಿದು ಕೆಲಸಕ್ಕೆಂದು ಪಟ್ಟಣದ ಯೂನಿಯನ್ ಸ್ಟೇಷನ್ನಿಗೆ ಹೋದರೆ ತಿರುಗಿ ಬರುವಾಗ ಕತ್ತಲಾಗಿರುತ್ತಿತ್ತು. ನಾನು ಫಾರ್ಮಸಿಯ ಕೌಂಟರಿನಲ್ಲಿ. ಮಗಳು ಓದಲೆಂದು ವಾಟರ್‌ಲೂನಲ್ಲಿ. ಒಂದು ಸಂಜೆ ಬಂದಾಗ ನೀವು ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದಿರಿ. "ಇಲ್ಲೆ ಮನಿ ಭಾಳ ಅದಾವು. ಮಂದಿ ಎಲ್ಲಿ ಅದಾರ?" ಎಂದಿರಿ. ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಕೆಳಗಿಳಿಯುತ್ತದೆ. ಇಲ್ಲಿ ಸಂಜೆ ಎಂದರೆ ಅಷ್ಟೇ.

ಆ ಕಿಟಕಿಯಿಂದಲೇ ನೀವು ಅದನ್ನು ಮೊದಲು ನೋಡಿದ್ದು. ಬಡಾವಣೆಯ ಪೂರ್ವಕ್ಕೆ ಹೊಲ, ಹೊಲದ ಆಚೆ ಹಳೆಯ ಹಳ್ಳಿ. ಒಂದು ಚರ್ಚು, ಒಂದು ಅಂಗಡಿ, ಹತ್ತಾರು ಮರದ ಮನೆಗಳು. ಅವುಗಳ ನಡುವೆ ದಪ್ಪಗೆ, ಎತ್ತರಕ್ಕೆ, ಟೊಪ್ಪಿಗೆ ಹಾಕಿಕೊಂಡಂಥ ಒಂದು ಗೋಪುರ. ಏನದು ಎಂದು ನೀವು ಕೇಳಿದಾಗ ಹಳೆಯ ನೀರಿನ ಟಾಕಿ ಇರಬೇಕು ಎಂದುಬಿಟ್ಟೆ. ಈ ಮನೆಗೆ ಬಂದಾಗಿನಿಂದ ದಿನಾ ನೋಡುತ್ತಿದ್ದರೂ ನಾನು ಯಾರನ್ನೂ ಕೇಳಿರಲಿಲ್ಲ. ಆಮೇಲೊಂದು ದಿನ ಬೆಳ್ಳಿಗೂದಲಿನ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಮೊಣಕಾಲು ನೋವಿನ ಮುಲಾಮು ಕೊಳ್ಳಲು ಫಾರ್ಮಸಿಗೆ ಬಂದಳು. ಗೋಡೆಯ ಬೋರ್ಡಿಗೆ ಒಂದು ಕಾಗದ ಹಚ್ಚಬಹುದೇ ಎಂದಳು. ಗಾಳಿಗಿರಣಿಯ ರೆಕ್ಕೆಗಳಿಗೆ ಬಟ್ಟೆ ಹೊಲಿಯಲು ಜನ ಬೇಕಾಗಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಅವಳೇ ವಿಲ್ಮಾ. ಯುದ್ಧ ಮುಗಿದ ಮೇಲೆ ಹಾಲೆಂಡಿನಿಂದ ಬಂದ ಅವಳ ಅಪ್ಪ, ತನ್ನ ಊರಿನಲ್ಲಿದ್ದಂಥದೇ ಗಿರಣಿಯನ್ನು ಈ ಹಳ್ಳಿಯಲ್ಲಿ ಕಟ್ಟಿದ್ದನಂತೆ. ಸುತ್ತಲಿನ ರೈತರ ಗೋಧಿ, ಮೆಕ್ಕೆಜೋಳ ಎಲ್ಲ ಅಲ್ಲೇ ಹಿಟ್ಟಾಗುತ್ತಿತ್ತಂತೆ. ಒಂದು ಬಿರುಗಾಳಿಗೆ ರೆಕ್ಕೆ ಮುರಿದವು, ಅಪ್ಪ ಹೋದ, ಗಿರಣಿ ರೆಕ್ಕೆಯಿಲ್ಲದ ಗೋಪುರವಾಗಿ ಹಾಗೇ ನಿಂತುಬಿಟ್ಟಿತು. ಈಗ ಹಳ್ಳಿಯವರೆಲ್ಲ ಸೇರಿ ಅದನ್ನು ಮತ್ತೆ ತಿರುಗಿಸಲು ಹೊರಟಿದ್ದರು. ಮರದ ಕೆಲಸ ಮುಗಿಯುತ್ತಾ ಬಂದಿತ್ತು, ರೆಕ್ಕೆಯ ಮೇಲೆ ಹಾಸುವ ಕ್ಯಾನ್ವಾಸು ಬಾಕಿ ಇತ್ತು. "ನಿನಗೆ ಹೊಲಿಗೆ ಬರುತ್ತಾ?" ಎಂದಳು. "ನನಗೆ ಬರಲ್ಲ. ನಮ್ಮ ಅತ್ತೆಗೆ ಬರುತ್ತೆ" ಎಂದೆ.

ಚರ್ಚಿನ ಹಾಲಿಗೆ ನಿಮ್ಮನ್ನು ಮೊದಲ ಸಲ ಕರೆದುಕೊಂಡು ಹೋದದ್ದು ನೆನಪಿದೆಯಾ? ಇಳಕಲ್ ಸೀರೆಯ ಮೇಲೆ ನಿಮ್ಮ ಮಗನ ಹಳೆಯ ಜಾಕೆಟ್, ಕಾಲಿಗೆ ನನ್ನ ಬೂಟು. ಹಾಲಿನ ತುಂಬಾ ಟೇಬಲ್ಲುಗಳನ್ನು ಜೋಡಿಸಿ ಅದರ ಮೇಲೆ ಕ್ಯಾನ್ವಾಸು ಹರಡಿದ್ದರು. ಒಬ್ಬೊಬ್ಬರ ಮುಂದೆ ದಬ್ಬಣದಂಥ ಸೂಜಿ. ನೀವು ಬಟ್ಟೆಯ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಯಾರನ್ನೂ ಕೇಳದೆ ಕುರ್ಚಿ ಎಳೆದುಕೊಂಡು ಕೂತಿರಿ. ವಿಲ್ಮಾ ನಿಮ್ಮ ಹೆಸರು ಕೇಳಿದಳು. "ಶಾಂತವ್ವ" ಎಂದಿರಿ. ಅವಳ ಬಾಯಲ್ಲಿ ಅದು "ಶಾಂಟಾವಾ" ಆಯಿತು. ಅವಳ ಹೆಸರನ್ನು ನೀವು "ಇಲ್ಮವ್ವ" ಮಾಡಿದಿರಿ. ಆ ದಿನದಿಂದ ವಾರಕ್ಕೆರಡು ಸಲ ಅವಳ ಹಳೆಯ ಪಿಕಪ್ ಟ್ರಕ್ಕು ನಮ್ಮ ಮನೆಯ ಮುಂದೆ ಬಂದು ನಿಲ್ಲತೊಡಗಿತು. ನಿಮಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಇಡೀ ಮಧ್ಯಾಹ್ನ ಇಬ್ಬರೂ ಏನು ಮಾತಾಡುತ್ತೀರಿ ಎಂದು ಕೇಳಿದರೆ, "ಅಕಿ ಅಕಿ ಅಪ್ಪನ ಸುದ್ದಿ ಹೇಳ್ತಾಳ, ನಾ ನಿಮ್ಮ ಮಾವನ ಸುದ್ದಿ ಹೇಳ್ತೇನಿ. ತಿಳೀಲಿಕ್ಕೆ ಏನೈತಿ ಅದರಾಗ?" ಎಂದಿದ್ದಿರಿ.

ನಿಮ್ಮ ಮಗನಿಗೆ ಇದು ಒಂಚೂರೂ ಸೇರಲಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ, "ಅವ್ವಾ, ನಿನಗ ಹಾರ್ಟಿಂದು ತ್ರಾಸ ಐತಿ. ಈ ಥಂಡಿಯೊಳಗ ಅಲ್ಲಿ ಹೋಗಿ ತಾಡಪತ್ರಿ ಹೊಲ್ಯೋದು ಯಾಕ ಬೇಕು? ಮನ್ಯಾಗ ಆರಾಮ ಕುಂದ್ರು" ಎಂದರು. ನೀವು ರೊಟ್ಟಿ ಮುರಿಯುತ್ತಾ, "ಆರಾಮ ಕುಂತು ಕುಂತನ ತ್ರಾಸ ಆಗಾಕತ್ತೈತಿ, ಬಸು" ಎಂದಿರಿ. ಅವರ ಸಿಟ್ಟಿನೊಳಗೆ ಹೆದರಿಕೆ ಇತ್ತು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಪ್ಪನನ್ನು ಕೊನೆಯ ಗಳಿಗೆಯಲ್ಲಿ ನೋಡಲಾಗದವರು ಅವ್ವನನ್ನು ಕಣ್ಣ ಮುಂದೆಯೇ ಇಟ್ಟುಕೊಳ್ಳಬೇಕು ಅಂದುಕೊಂಡಿದ್ದರು. ಆದರೆ ಕಣ್ಣ ಮುಂದೆ ಇಡಲು ಅವರೇ ಮನೆಯಲ್ಲಿ...

ವಸಂತದಲ್ಲಿ ರೆಕ್ಕೆಗಳು ಏರಿದವು. ಮೊದಲ ಸಲ ತಿರುಗಿಸಿದ ದಿನ ಹಳ್ಳಿಗೆ ಹಳ್ಳಿಯೇ ಬಂದಿತ್ತು. ವಿಲ್ಮಾ ಏಣಿಯಂಥ ಮರದ ಪಟ್ಟಿಗಳನ್ನು ಹತ್ತಿ ನೀವು ಹೊಲಿದ ಬಟ್ಟೆಯನ್ನು ಬಿಚ್ಚಿ ಕಟ್ಟಿದಳು. ಬ್ರೇಕಿನ ಹಗ್ಗ ಸಡಿಲಿಸಿದಳು. ರೆಕ್ಕೆ ಕಿರುಗುಟ್ಟಿ ಒಂದು ಸುತ್ತು ಹಾಕಿತು, ಎರಡು ಹಾಕಿತು, ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಜೋರಾಗಿ ಒಂದು ಗಾಳಿ ಬೀಸಿ ನಿಮ್ಮ ಕ್ಯಾನ್ವಾಸು ಅಂಚಿನುದ್ದಕ್ಕೂ ಪರ್ರೆಂದು ಹರಿದು ಬಾವುಟದ ಹಾಗೆ ಬಡಿದುಕೊಳ್ಳತೊಡಗಿತು. ನೀವು ಕೌದಿ ಹೊಲಿಯುವ ಹೊಲಿಗೆ ಹಾಕಿದ್ದಿರಿ, ಅದು ಗಾಳಿಯ ಎಳೆತಕ್ಕೆ ನಿಲ್ಲಲಿಲ್ಲ. ನಿಮ್ಮ ಮುಖ ನೋಡಲಾಗಲಿಲ್ಲ ನನಗೆ. ವಿಲ್ಮಾ ಗಿರಣಿ ನಿಲ್ಲಿಸಿ ಬಂದು ನಿಮ್ಮ ಪಕ್ಕ ಹುಲ್ಲಿನ ಮೇಲೆ ಕೂತಳು. "ನನ್ನ ಮೊದಲನೆಯದೂ ಹರಿದಿತ್ತು ಅಂತ ಹೇಳು. ನಮ್ಮಪ್ಪ ನಕ್ಕಿದ್ದ, ಅದಕ್ಕೆ ನಾನು ನಗ್ತಿಲ್ಲ" ಎಂದಳು. ಹೇಳಿದೆ. ನೀವು, "ಕೌದಿ ಹೊಚ್ಚಿಕೊಂಡ ಮಲಗೋದು. ಇದು ಗಾಳಿ ಕೂಡ ಜಗಳಾ ಆಡೋದು. ಹೊಲಿಗಿ ಬ್ಯಾರೇನ ಬೇಕು, ಕಲಿಸು ಅನ್ನು ಆಕಿಗಿ" ಎಂದಿರಿ. ಅಂಚಿಗೆ ಹಗ್ಗ ಇಟ್ಟು ಸುತ್ತಿ ಸುತ್ತಿ ಹೊಲಿಯುವುದನ್ನು ಅವಳು ಕಲಿಸಿದಳು. ಎರಡನೆಯದು ಹರಿಯಲಿಲ್ಲ.

ಆಮೇಲಿನ ಶನಿವಾರಗಳನ್ನು ನೆನೆದರೆ ಈಗಲೂ ನನ್ನ ಮೂಗಿಗೆ ಬೆಚ್ಚನೆಯ ಹಿಟ್ಟಿನ ವಾಸನೆ ಬರುತ್ತದೆ. ಮೇಲಿನ ಮಾಳಿಗೆಯಲ್ಲಿ ಕಲ್ಲು ತಿರುಗುತ್ತಿದ್ದರೆ ಇಡೀ ಗಿರಣಿ ಹಡಗಿನ ಹಾಗೆ ತೂಗುತ್ತಿತ್ತು. ಕೆಳಗೆ ನೀವು ಒಂದು ಸ್ಟೂಲಿನ ಮೇಲೆ ಕೂತು ಚೀಲದ ಬಾಯಿ ಕಟ್ಟುತ್ತಿದ್ದಿರಿ. ಹಳ್ಳಿಯ ಮುದುಕರು ಹಿಟ್ಟಿಗೆಂದು ಬಂದು ಮಧ್ಯಾಹ್ನದ ತನಕ ಬೆಂಚು ಬಿಡುತ್ತಿರಲಿಲ್ಲ. ಯಾರ ಮನೆಯಲ್ಲಿ ಕಾಯಿಲೆ, ಯಾರ ಹಸು ಕರು ಹಾಕಿತು, ಯಾರ ಹೊಲ ಬಿಲ್ಡರಿಗೆ ಹೋಯಿತು, ಎಲ್ಲ ಅಲ್ಲೇ. ನಮ್ಮ ಬಡಾವಣೆಯವರೂ ಒಬ್ಬೊಬ್ಬರಾಗಿ ಬರತೊಡಗಿದರು. ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯಿಂದ ಒಂದು ವ್ಯಾನು ತುಂಬಾ ಹೆಂಗಸರು ಬಂದು ತರಿತರಿಯಾದ ಗೋಧಿಹಿಟ್ಟು ಒಯ್ದರು. ಎರಿನ್ ಮಿಲ್ಸ್ ಬಡಾವಣೆಯಲ್ಲಿರುವ ನಮ್ಮ ಧಾರವಾಡದ ಕಡೆಯ ಸಂಸಾರವೊಂದು ಬಿಳಿಜೋಳದ ಚೀಲ ಹೊತ್ತು ತಂದು, "ಇದನ್ನ ಬೀಸಿ ಕೊಡ್ತಾರೇನ್ರಿ?" ಎಂದು ಸಂಕೋಚದಿಂದ ಕೇಳಿತು. ವಿಲ್ಮಾ ಜೋಳದ ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, "ನಮ್ಮಪ್ಪ ಇದನ್ನು ನೋಡಿಯೇ ಇರಲಿಲ್ಲ. ಹಾಕಿ ನೋಡೋಣ" ಎಂದಳು. ನೀವು ಅವತ್ತು ಮಂದಿ ಎಲ್ಲಿದ್ದಾರೆ ಎಂದು ಕೇಳಲಿಲ್ಲ. ಕೇಳುವಷ್ಟು ಪುರಸೊತ್ತು ನಿಮಗಿರಲಿಲ್ಲ.

ಸಿಮ್ರನ್ ನಮ್ಮ ಬಾಗಿಲು ತಟ್ಟಿದ್ದು ಎಲೆ ಕೆಂಪಾಗುವ ಕಾಲದಲ್ಲಿ. ನಮ್ಮ ಸಾಲಿನ ಕೊನೆಯ ಮನೆಯವಳು. ಅವಳ ಮಗಳು ಜಸ್ಲೀನಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಸೂರ್ಯ ಕೆಳಗಿದ್ದಾಗ, ಬೆಳಗಿನ ಹೊತ್ತು, ಗಿರಣಿಯ ರೆಕ್ಕೆಯ ನೆರಳು ಹೊಲ ದಾಟಿ ಬಂದು ನೇರವಾಗಿ ಆ ಹುಡುಗಿಯ ಕೋಣೆಯೊಳಗೆ ಬೀಳುತ್ತಿತ್ತು. ಬೆಳಕು, ಕತ್ತಲು, ಬೆಳಕು, ಕತ್ತಲು. ಸಿಮ್ರನ್ ನನ್ನ ಕೈಗೆ ಒಂದು ಮನವಿ ಕೊಟ್ಟಳು. ಗಿರಣಿಯನ್ನು ನಿಲ್ಲಿಸಬೇಕೆಂದು ಟೌನ್ ಕಚೇರಿಗೆ ಬರೆದದ್ದು, ಕೆಳಗೆ ನಮ್ಮ ಬೀದಿಯವರ ಸಹಿ. ನಿಮ್ಮ ಮಗನ ಸಹಿ ಆಗಲೇ ಇತ್ತು. ನೀವು ಅವಳನ್ನು ಒಳಗೆ ಕರೆದು, ಬೆಳಗಾವಿ ಬಜಾರಿನ ನಿಮ್ಮ ಹಿಂದಿಯಲ್ಲಿ, "ಬೇಟಿ, ಮೈ ಕಲ್ ಸುಬೂ ಆತೀ. ಮೇರೆಕು ದಿಖಾ" ಎಂದಿರಿ. ಮರುದಿನ ಬೆಳಿಗ್ಗೆ ಹೋಗಿ ಆ ಹುಡುಗಿಯ ಮಂಚದ ಮೇಲೆ ಅವಳ ಪಕ್ಕದಲ್ಲೇ ಕೂತಿರಂತೆ. ನೆರಳು ಗೋಡೆಯ ಮೇಲೆ ಓಡುವಾಗ ಅವಳು ನಿಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳಂತೆ. ತಿರುಗಿ ಬಂದವರು ಅವತ್ತು ಚಹಾ ಕೂಡ ಕುಡಿಯಲಿಲ್ಲ.

ವಿಲ್ಮಾಳಿಗೆ ಆ ವಿಷಯ ಹೇಳಿದ ದಿನ ಮಧ್ಯದಲ್ಲಿ ನಿಂತು ಮಾತು ದಾಟಿಸಿದವಳು ನಾನೇ. "ಬೆಳಿಗ್ಗೆ ತಿರುಗಿಸುವುದು ಬೇಡ" ಎಂದು ನೀವು ಕೇಳಿದ್ದು ಅಷ್ಟೇ. ಅವಳ ಮುಖ ಬಿಗಿಯಿತು. "ಇಷ್ಟು ನಿಧಾನ ತಿರುಗುವ ನೆರಳಿನಿಂದ ಫಿಟ್ಸ್ ಬರುವುದಿಲ್ಲ ಅಂತ ಡಾಕ್ಟರೇ ಹೇಳಿದ್ದಾರಂತೆ. ನಮ್ಮಪ್ಪ ಬೆಳಗಿನ ಗಾಳಿಗೇ ಬೀಸುತ್ತಿದ್ದ. ಗಿರಣಿ ಮೊದಲು ಬಂತು, ನಿಮ್ಮ ಜನರ ಮನೆಗಳು ಆಮೇಲೆ ಬಂದವು" ಎಂದಳು. ನಾನು ಹೇಳಿದ್ದನ್ನು ಕೇಳಿ ನೀವು ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದಿರಿ. "ಡಾಕ್ಟರ ಆ ಖೋಲ್ಯಾಗ ಮಲಗಾಂಗಿಲ್ಲಲ್ಲ. ನಿಮ್ಮ ಜನ, ನಮ್ಮ ಜನ ಅನ್ನೂದಾದ್ರ ನಾ ಇಲ್ಲಿ ಯಾಕ ಕುಂದರ್ಲಿ? ನಡಿ ಸುಜಾತಾ." ಆಮೇಲೆ ಎಷ್ಟು ವಾರ ಆ ಟ್ರಕ್ಕು ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ! ನೀವು ಮತ್ತೆ ಕಿಟಕಿಯ ಹತ್ತಿರ ಕೂತಿರಿ. ಶನಿವಾರ ರೆಕ್ಕೆ ತಿರುಗುವುದು ಕಾಣುತ್ತಿತ್ತು. ನಿಮ್ಮ ಮಗ ನಿಮ್ಮನ್ನು ನೋಡಿ, "ನಾ ಮೊದಲ ಹೇಳಿದ್ದೆ" ಎನ್ನಲು ಹೊರಟು, ಅರ್ಧಕ್ಕೇ ನಿಲ್ಲಿಸಿಬಿಟ್ಟರು.

ಚರ್ಚಿನ ಹಾಲಿನಲ್ಲಿ ಸಭೆ ಕರೆದ ಸಂಜೆ ನಿಮ್ಮನ್ನು ಬಾ ಎಂದವರು ಯಾರೂ ಇಲ್ಲ. ನೀವೇ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಿರಿ. ಟೌನ್ ಕಚೇರಿಯವರು ಎರಡೂ ಕಡೆಯ ಮಾತು ಕೇಳಲು ಬಂದಿದ್ದರು. ಹಾಲಿನಲ್ಲಿ ಎಡಕ್ಕೆ ಹಳ್ಳಿಯವರು, ಬಲಕ್ಕೆ ನಮ್ಮ ಬಡಾವಣೆಯವರು, ಯಾರೂ ಹೇಳದೆಯೇ ಹಾಗೆ ಕೂತಿದ್ದರು. ಗಿರಣಿಯನ್ನು ಪೂರ್ತಿ ನಿಲ್ಲಿಸಿ ಎಂದು ಇವರು, ನೀವು ಮನೆ ಕೊಳ್ಳುವಾಗ ಕಣ್ಣಿರಲಿಲ್ಲವೇ ಎಂದು ಅವರು. ಸಿಮ್ರನ್ ಎದ್ದು ನಿಂತು ಮಗಳ ಹೆಸರು ಹೇಳುತ್ತಲೇ ಅತ್ತಳು. ಆಗ ನೀವು ಎದ್ದಿರಿ. ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಆದರೆ ಜನ ನನ್ನನ್ನು ನೋಡುತ್ತಿರಲಿಲ್ಲ, ನಿಮ್ಮನ್ನೇ ನೋಡುತ್ತಿದ್ದರು.

"ನಾ ಬಂದಾಗ ನನಗಿಲ್ಲಿ ಯಾರೂ ಗೊತ್ತಿರಲಿಲ್ರಿ. ಈ ಗಿರಣಿ ಸಲುವಾಗಿ ನಾಕ ಮಂದಿ ಗೊತ್ತಾದ್ರು, ನನ್ನ ಹೆಸರ ಹಿಡದ ಕರದ್ರು. ಈಗ ಅದ ಗಿರಣಿ ಸಲುವಾಗಿ ಒಬ್ಬಾಕಿ ತಾಯಿ ಕಿಡಕಿಗೆ ಪರದೆ ಹಾಕ್ಕೊಂಡ ಕುಂದ್ರಬೇಕಂದ್ರ ನನಗ ಸೇರಾಂಗಿಲ್ಲ. ಹಂಗಂತ ನಿಂದ್ರಸೇ ಬಿಡ್ರಿ ಅಂತೂ ಅನ್ನಾಂಗಿಲ್ಲ. ಮುಂಜಾನೆ ಒಂದೀಟ ಸುಮ್ಮ ಇರಲಿ. ಹೊತ್ತ ಮ್ಯಾಲೆ ಬಂದ್ರ ನೆಳ್ಳ ಸಣ್ಣದಾಗ್ತೈತಿ, ಆ ಮನಿ ಮುಟ್ಟಾಂಗಿಲ್ಲ. ಗಾಳಿ ಎಲ್ಲಿ ಹೋಗ್ತೈತಿ? ಮಧ್ಯಾಹ್ನಕ್ಕೂ ಬರ್ತೈತಿ."

ಎಲ್ಲರೂ ವಿಲ್ಮಾಳ ಕಡೆ ತಿರುಗಿದರು. ಅವಳು ಕುರ್ಚಿಯ ಬೆನ್ನು ಹಿಡಿದು ಎದ್ದಳು. "ನಮ್ಮಪ್ಪ ಮೊಂಡ. ಯಾರ ಮಾತಿಗೂ ಗಿರಣಿ ನಿಲ್ಲಿಸಿದವನಲ್ಲ. ಆದರೆ ಪಕ್ಕದ ಮನೆಯಲ್ಲಿ ಎಳೆಕೂಸು ಹುಟ್ಟಿದಾಗ, ಸದ್ದಿಗೆ ಅದು ಬೆಚ್ಚುತ್ತೆ ಅಂತ ಬ್ರೇಕ್ ಹಾಕಿದ್ದು ನನಗೆ ನೆನಪಿದೆ. ಮರೆತಿದ್ದೆ" ಎಂದಳು. ಅಷ್ಟೇ. ಶರತ್ಕಾಲದಿಂದ ಚಳಿ ಮುಗಿಯುವ ತನಕ ಮಧ್ಯಾಹ್ನದ ಮೇಲೆ ಮಾತ್ರ ತಿರುಗಿಸುವುದು ಎಂದಾಯಿತು. ಹೊರಗೆ ಬಂದಾಗ ಅವಳು ನನ್ನ ತೋಳು ಹಿಡಿದು, "ಶನಿವಾರ ಬರ್ತಾಳಾ ಕೇಳು" ಎಂದಳು. ನಾನು ಬಾಯಿ ತೆರೆಯುವ ಮುಂಚೆಯೇ ನೀವು, "ಇಲ್ಮವ್ವಾ, ಸಾಟರ್ಡೇ, ಯಸ್" ಎಂದಿರಿ. ಕಾರು ನಡೆಸುತ್ತಿದ್ದವರು ನಿಮ್ಮ ಮಗ, ಅವರೂ ಸಭೆಗೆ ಬಂದಿದ್ದರು. ಮನೆಯ ತಿರುವಿನಲ್ಲಿ ಕನ್ನಡಿಯಲ್ಲಿ ನಿಮ್ಮನ್ನು ನೋಡುತ್ತಾ, "ಚಲೋ ಮಾತಾಡಿದಿ, ಅವ್ವಾ" ಎಂದರು. ನೀವು ಉಬ್ಬಿಹೋದಿರಿ. ಹೌದೋ ಅಲ್ಲವೋ?

ಅದಾದ ಮೇಲೆ ಜಸ್ಲೀನ್ ಗಿರಣಿಗೆ ಬರತೊಡಗಿದಳು. ಒಳಗೆ ನಿಂತು ನೋಡಿದವಳಿಗೆ ಹೊರಗಿನ ನೆರಳಿನ ಹೆದರಿಕೆ ಎಷ್ಟು ದಿನ ಉಳಿದೀತು? ನಿಮ್ಮ ಮಗನನ್ನೂ ನೀವು ಕರೆಯುತ್ತಲೇ ಇದ್ದಿರಿ. "ಒಮ್ಮೆ ಬಂದ ನೋಡೋ ಬಸು, ನಾ ಎಲ್ಲಿ ಕುಂದರ್ತೇನಿ ಅಂತರೆ ನೋಡು." ಅವರು ಮುಂದಿನ ಶನಿವಾರ ಎನ್ನುತ್ತಿದ್ದರು. ಒಂದು ಶನಿವಾರ ಆಫೀಸಿನ ಕೆಲಸ, ಇನ್ನೊಂದಕ್ಕೆ ಸ್ನೋ, ಮತ್ತೊಂದಕ್ಕೆ ಯಾರದೋ ಮನೆಯ ಗೃಹಪ್ರವೇಶ. ನಿಮ್ಮನ್ನು ಬಾಗಿಲ ತನಕ ಬಿಟ್ಟು, ಕಾರಿನಿಂದ ಇಳಿಯದೆ ತಿರುಗಿ ಬಿಡುತ್ತಿದ್ದರು. ಹಾಗೇ ಎರಡು ವರ್ಷ ಹೋಯಿತು.

ನೀವು ಆಸ್ಪತ್ರೆಯಲ್ಲಿದ್ದ ಆ ಕೊನೆಯ ವಾರ, ೨೦೧೮ರ ಚಳಿಗಾಲದಲ್ಲಿ, ನಿಮ್ಮ ಮಗ ಕಾರಿಡಾರಿಗೆ ಹೋದಾಗ ನನ್ನನ್ನು ಹತ್ತಿರ ಕರೆದಿರಿ. "ಬಸು ನನ್ನನ್ನ ಹೊಂಗಲಕ್ಕ ಒಯ್ತೇನಿ ಅಂತಾನ. ಬ್ಯಾಡ ಅನ್ನು. ಇಲ್ಲೆ ಮಣ್ಣ ಮಾಡ್ರಿ. ಇಲ್ಲಿ ಮಂದಿಗಿ ನಾ ಗೊತ್ತದೇನಿ" ಎಂದಿರಿ. ಹಾಗೇ ಮಾಡಿದೆವು, ಅತ್ತೀ. ಮಠದ ಕಡೆಯ ಹಿರಿಯರೊಬ್ಬರು ಮಿಸ್ಸಿಸಾಗಾದಿಂದ ಬಂದು ನಮ್ಮ ಪದ್ಧತಿಯಂತೆ ಎಲ್ಲ ಮಾಡಿಸಿದರು. ಹಳ್ಳಿಯ ಆಚೆ, ರಸ್ತೆಯ ಪಕ್ಕದ ಸ್ಮಶಾನದಲ್ಲಿ ಜಾಗ ಸಿಕ್ಕಿತು. ಮುಂದೆ ಏನಾಯಿತು ಎಂಬುದು ನಿಮಗೆ ಗೊತ್ತಿಲ್ಲ.

ನಿಮ್ಮನ್ನು ಮಲಗಿಸಿದ್ದ ಕಪ್ಪು ವಾಹನ ಮುಂದೆ, ನಾವು ಹಿಂದೆ. ನೆಲದ ಮೇಲೆ ಮಂಜು ಗಟ್ಟಿಯಾಗಿತ್ತು. ಚರ್ಚು ದಾಟಿದ ಮೇಲೆ ಗಿರಣಿ ಕಂಡಿತು. ರೆಕ್ಕೆಗಳು ಸುತ್ತುತ್ತಿರಲಿಲ್ಲ, ಆದರೆ ಅವನ್ನು ಹೊತ್ತ ಗಿರಣಿಯ ತಲೆ, ಆ ಟೊಪ್ಪಿಗೆ, ಅಲುಗಾಡುತ್ತಿತ್ತು. ನಾವು ಮುಂದೆ ಹೋದಷ್ಟೂ ಅದು ನಮ್ಮತ್ತ ಹೊರಳುತ್ತಿತ್ತು, ಯಾರೋ ಕತ್ತು ತಿರುಗಿಸಿ ನೋಡಿದ ಹಾಗೆ. ನಿಮ್ಮ ಮಗ ಸ್ಟೀರಿಂಗ್ ಹಿಡಿದು, "ಸುಜಾತಾ, ಅದು ನಮ್ಮ ಕಡೆ ತಿರಗಾಕತ್ತೈತಿ" ಎಂದರು. ನನಗೂ ಅರ್ಥವಾಗಲಿಲ್ಲ. ಸ್ಮಶಾನದ ಗೇಟಿನಲ್ಲಿ ಕಾರು ನಿಂತಾಗ ಅದರ ಮುಖ ನೇರವಾಗಿ ನಿಮ್ಮ ಕಡೆ ಇತ್ತು. ಸ್ವಲ್ಪ ಹೊತ್ತಿಗೆ ವಿಲ್ಮಾ ಏದುಸಿರು ಬಿಡುತ್ತಾ ಬಂದಳು, ಹಿಂದೆ ಸಿಮ್ರನ್, ಇಬ್ಬರು ಮುದುಕ ರೈತರು. ಎಲ್ಲರ ಕೈಗವಸಿನ ಮೇಲೂ ಹಿಮ. "ನಮ್ಮಪ್ಪನ ಊರಲ್ಲಿ ಗಿರಣಿಯವರು ಸತ್ತರೆ, ಅವರು ಹೋಗುವ ದಾರಿಯುದ್ದಕ್ಕೂ ಗಿರಣಿ ಮುಖ ತಿರುಗಿಸುತ್ತಾ ಹೋಗಬೇಕು. ಬೆನ್ನು ತೋರಿಸಬಾರದು. ಅದಕ್ಕೇ ನಾವು ಟೊಪ್ಪಿಗೆ ತಿರುಗಿಸುವ ಹಿಂದಿನ ತೊಲೆ ದೂಡ್ತಾ ಇದ್ದೆವು" ಎಂದಳು. ಆ ತನಕ ಒಂದು ಹನಿ ಕಣ್ಣೀರು ಹಾಕದಿದ್ದ ನಿಮ್ಮ ಮಗ ಆ ಮುದುಕಿಯ ಹೆಗಲ ಮೇಲೆ ತಲೆಯಿಟ್ಟು ಅತ್ತರು. ಐವತ್ತು ದಾಟಿದ ಗಂಡಸು, ಅಷ್ಟು ಜನರ ಮುಂದೆ... ನಾನು ನೋಡದ ಹಾಗೆ ಆ ಕಡೆ ತಿರುಗಿದೆ.

ಹಿಮ ಕರಗಿದ ಮೇಲೆ ಒಂದು ಶನಿವಾರ ಬೆಳಿಗ್ಗೆ ಅವರು ಹಳೆಯ ಪ್ಯಾಂಟು ಹಾಕಿಕೊಂಡು ಅಡುಗೆಮನೆಗೆ ಬಂದರು. "ಅವ್ವ ಎಲ್ಲಿ ಕುಂದರ್ತಿದ್ಳು, ತೋರಸು" ಎಂದರು. ಗಿರಣಿಯೊಳಗೆ ನಿಮ್ಮ ಸ್ಟೂಲು ತೋರಿಸಿದೆ. ಅವರು ಕೂರಲಿಲ್ಲ. ಗೋಡೆಗೆ ಒರಗಿ ನಿಂತು, ಚೀಲಗಳನ್ನು, ಮೆಟ್ಟಿಲನ್ನು, ಮೇಲಿನಿಂದ ಇಳಿಯುವ ಹಿಟ್ಟನ್ನು ನೋಡುತ್ತಲೇ ಇದ್ದರು. ಮೇಲಿನಿಂದ ವಿಲ್ಮಾ ಇಳಿದು ಬಂದು ಅವರ ಕೈಗೆ ಪೊರಕೆ ಕೊಟ್ಟಳು. ಗುಡಿಸಿದರು. ಮುಂದಿನ ಶನಿವಾರವೂ ಹೋದರು. ಒಂದು ದಿನ ಅವಳು, "ನಿನಗೆ ಇದೆಲ್ಲ ಯಾಕೆ ಬೇಕು, ಬಾಸು?" ಎಂದು ಕೇಳಿದಳು. ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡೆ: "ಅವ್ವ ಇಲ್ಲಿ ಬಂದು ಏನು ಮಾಡ್ತಿದ್ದಳು ಅಂತ ನನಗೆ ಗೊತ್ತಿಲ್ಲ. ಅವಳು ಹೇಳ್ತಿದ್ದಳು, ನಾನು ಊಟ ಮಾಡ್ತಾ ಫೋನ್ ನೋಡ್ತಿದ್ದೆ."

ಇದೇ ಸುದ್ದಿ, ಅತ್ತೀ. ನಿಮ್ಮ ಬಸು ಗಿರಣಿಯವನಾದ. ವಿಲ್ಮಾಳ ಮೊಣಕಾಲು ಈ ಬೇಸಿಗೆಯಲ್ಲಿ ಪೂರಾ ಕೈಕೊಟ್ಟಿತು. ಅವಳು ಈಗ ಕೆಳಗೆ ಬೆಂಚಿನ ಮೇಲೆ ಕೂತು ಕೂಗಿ ಕೂಗಿ ಹೇಳುತ್ತಾಳೆ, ಇವರು ರೆಕ್ಕೆ ಹತ್ತುತ್ತಾರೆ. ಯಾವ ಗಾಳಿಗೆ ಎಷ್ಟು ಬಟ್ಟೆ ಬಿಚ್ಚಬೇಕು, ಕಲ್ಲಿನ ಸದ್ದು ಬದಲಾದರೆ ಏನು ಅರ್ಥ, ಬ್ರೇಕನ್ನು ಒಮ್ಮೆಲೇ ಎಳೆಯದೆ ಹೇಗೆ ತಡೆದು ತಡೆದು ಎಳೆಯಬೇಕು, ಎಲ್ಲ ಕಲಿತರು. ಮೊನ್ನೆ ಅವಳು ಎಲ್ಲರೆದುರು ಬಾಗಿಲ ಬೀಗದ ಕೈ ಇವರ ಅಂಗೈಯಲ್ಲಿ ಇಟ್ಟು, "ಇನ್ನು ಮೇಲೆ ನನ್ನನ್ನು ಕೇಳಬೇಡ" ಎಂದಳಂತೆ. ಮನೆಗೆ ಬಂದವರು ಸ್ನಾನಕ್ಕೂ ಹೋಗದೆ, ಕೂದಲ ತುಂಬಾ ಹಿಟ್ಟು ಮೆತ್ತಿಕೊಂಡು ಸೋಫಾದ ಮೇಲೆ ಕೂತು ನನಗೆ ಅದನ್ನೇ ಮೂರು ನಾಲ್ಕು ಸಲ ಹೇಳಿದರು. ಶರತ್ಕಾಲ ಬಂದಿರುವುದರಿಂದ ಮಧ್ಯಾಹ್ನದ ಮೇಲೆ ಮಾತ್ರ ತಿರುಗಿಸುತ್ತಾರೆ. ಅದನ್ನು ಯಾರೂ ಅವರಿಗೆ ನೆನಪಿಸಬೇಕಾಗಿಲ್ಲ.

ಅವತ್ತು ಊಟದ ಹೊತ್ತಿನಲ್ಲಿ ಅವರು ನಿಮ್ಮ ಮೇಲೆ ರೇಗಿದಾಗ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ನೋಡಿ, ಮನೆಯಲ್ಲಿ ಕೂತು ಹೆದರುವ ಸರದಿ ನನ್ನದು. ಅವರು ಅಷ್ಟೆತ್ತರ ಹತ್ತಿ ನಿಂತಾಗ ನಾನು ಇಲ್ಲಿ ಕಿಟಕಿ ಬಿಟ್ಟು ಕದಲುವುದಿಲ್ಲ. ಬೇಡ ಅನ್ನಲು ಬಾಯಿ ಬರುವುದಿಲ್ಲ. ಇವತ್ತು ಶನಿವಾರ. ಜೋರು ಗಾಳಿಯಲ್ಲಿ ಬ್ರೇಕಿನ ಹಗ್ಗ ಎಳೆಯಲು ಇಬ್ಬರು ಬೇಕು. ಜೊತೆಯಾಗುತ್ತಿದ್ದ ರೈತ ತನ್ನ ಮಗಳ ಮನೆಗೆ ಹೋಗಿದ್ದಾನೆ, ನಿಮ್ಮ ಮಗ ಒಬ್ಬನೇ ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದಾರೆ. ಈಗ ಹೊರಗೆ ಮೇಪಲ್ ಮರ ಬಾಗತೊಡಗಿದೆ. ಕಿಟಕಿಯಿಂದ ನೋಡಿದರೆ ರೆಕ್ಕೆಗಳ ವೇಗವೂ ಹೆಚ್ಚಿದೆ. ನಾನು ಜಾಕೆಟ್ ಹಾಕಿಕೊಂಡೇ ಈ ಕೊನೆಯ ಸಾಲು ಬರೆಯುತ್ತಿದ್ದೇನೆ, ಅಕ್ಷರ ಮತ್ತೆ ಕೆಟ್ಟಿದ್ದರೆ ಬೈಯಬೇಡಿ. ಅವರನ್ನು ಅಲ್ಲಿ ಒಬ್ಬರನ್ನೇ ಬಿಡುವುದಿಲ್ಲ, ಅತ್ತೀ. ಹಗ್ಗದ ಇನ್ನೊಂದು ತುದಿ ನಾನು ಹಿಡಿಯುತ್ತೇನೆ.

ನಿಮ್ಮ ಸೊಸೆ,
ಸುಜಾತಾ